ಸ್ವಲ್ಪ ನೋವುಂಟು

12 ನವೆಂಬರ್ 1973, ಸೋಮವಾರ

ಇವತ್ತಿನಿಂದ ನನಗೆ ಸಂಪೂರ್ಣ ವಿಶ್ರಾಂತಿ. ಡಾಕ್ಟರ ಅಪ್ಪಣೆ. ಮೆಟ್ಟಿಲು ಇಳಿಯಬಾರದು, ಬಕೆಟ್ ಎತ್ತಬಾರದು, ಅರೆಯುವ ಕಲ್ಲಿನ ಹತ್ತಿರ ಸುಳಿಯಬಾರದು. ಹಾಗಾದರೆ ನಾನು ಮಾಡುವುದೇನು ಅಂತ ಕೇಳಿದ್ದಕ್ಕೆ, ‘ಸುಮ್ಮನೆ ಆಕಾಶ ನೋಡಿ, ಬೌಮಾ’ ಅಂದರು. ಬೌಮಾ ಅಂದರೆ ಇಲ್ಲಿ ಕಲ್ಕತ್ತದಲ್ಲಿ ಸೊಸೆಯನ್ನು ಕರೆಯುವ ಮಾತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಸ್ವಂತ ಅತ್ತೆ ಕೂಡ ಅಷ್ಟು ಮುದ್ದಾಗಿ ಕರೆದದ್ದಿಲ್ಲ. ಆಕಾಶ ನೋಡಿ ನೋಡಿ ಬೇಸರವಾಗಿ, ಬ್ಯಾಂಕಿನವರು ಕೊಟ್ಟ ಡೈರಿಯನ್ನು ಹುಡುಕಿ ತೆಗೆದೆ. ಇವರು ಅದರಲ್ಲಿ ಒಂದಕ್ಷರ ಬರೆದಿಲ್ಲ. ಗಂಡನ ಹೆಸರು ಬರೆಯಬಾರದು, ಬರೆದರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅಮ್ಮ ಹೇಳುತ್ತಿದ್ದಳು. ಆದ್ದರಿಂದ ಇಲ್ಲಿಯೂ ಇವರು ‘ಇವರು’ ಆಗಿಯೇ ಇರಲಿ.

ದೀಪಾವಳಿ ಕಳೆದ ಮೇಲೆ ಕಿಬ್ಬೊಟ್ಟೆಯಲ್ಲಿ ನೋವು ಬಂದದ್ದು ನಿಜ. ಮುದುಡಿಕೊಂಡು ಮಲಗಿದ್ದೆ. ಇವರು ಹೆದರಿ, ಬ್ಯಾಂಕಿನವರೆಲ್ಲ ನಂಬುವ ಡಾಕ್ಟರ್ ನಿಶಾನಾಥ ಗುಹರನ್ನು ಮನೆಗೇ ಕರೆಸಿದರು. ಬೆಳ್ಳಿಕೂದಲು, ಇಸ್ತ್ರಿ ಮಾಡಿದ ಧೋತಿ, ಮೆಲುದನಿ. ‘ಬ್ಯಾಂಕಿನಲ್ಲಿ ಆಫೀಸರೋ ಕ್ಲಾರ್ಕೋ?’ ಅಂತ ಮೊದಲು ಕೇಳಿ ಆಮೇಲೆ ನಾಡಿ ಹಿಡಿದರು. ಆಫೀಸರು, ಔಷಧಿಯ ಖರ್ಚೆಲ್ಲ ಬ್ಯಾಂಕೇ ಕೊಡುತ್ತದೆ ಅಂತ ಇವರು ಹೇಳಿದಾಗ ಡಾಕ್ಟರ ಮುಖ ಹಗುರವಾಯಿತು. ‘ಹಾಗಾದರೆ ಸರಿಯಾಗಿ ನೋಡಬಹುದು’ ಅಂದರು. ನನಗೆ ಎಷ್ಟು ಧೈರ್ಯ ಬಂತು!

ಇವತ್ತು ಮತ್ತೆ ಬಂದಿದ್ದರು. ನೋವು ಮೊನ್ನೆಯೇ ಹೋಗಿತ್ತು. ಆದರೆ ಆ ವಯಸ್ಸಿನಲ್ಲಿ ನಮ್ಮ ಮೂರನೇ ಮಹಡಿ ಹತ್ತಿ, ಏದುಸಿರು ಬಿಡುತ್ತಾ, ‘ನೋವು ಹೇಗಿದೆ?’ ಅಂತ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಊಟಕ್ಕೆ ಕರೆದವರು ಪ್ರೀತಿಯಿಂದ ಎರಡನೇ ಸಲ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದ ಹಾಗಾಗುತ್ತದೆ. ಹಸಿವಿರಲಿ ಬಿಡಲಿ, ‘ಸ್ವಲ್ಪ ಹಾಕಿ’ ಅನ್ನುವುದು ನಮ್ಮ ಕಡೆಯ ಮರ್ಯಾದೆ. ‘ಸ್ವಲ್ಪ ಉಂಟು’ ಅಂದೆ. ಡಾಕ್ಟರು ತಲೆದೂಗಿ ಇನ್ನೊಂದು ಮಾತ್ರೆ ಬರೆದರು.

23 ನವೆಂಬರ್

ಹೊಸ ಮಾತ್ರೆಗೆ ನಿದ್ದೆ ಬರುತ್ತದೆ. ನಿದ್ದೆ ಅಂದರೆ ಪೂರ್ತಿ ನಿದ್ದೆಯೂ ಅಲ್ಲ. ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂತರೆ ರಾಸ್‌ಬಿಹಾರಿ ಅವೆನ್ಯೂವಿನ ಟ್ರಾಮಿನ ಗಂಟೆ ಎಲ್ಲಿಂದಲೋ ಕೇಳುತ್ತದೆ, ಆಮೇಲೆ ಅದು ನನ್ನ ಒಳಗೇ ಹೊಡೆದ ಹಾಗೆ ಅನಿಸುತ್ತದೆ. ಸಂಜೆ ಎಲ್ಲ ಮನೆಗಳಲ್ಲಿ ಇದ್ದಲ ಒಲೆ ಹಚ್ಚುತ್ತಾರೆ. ಹೊಗೆ ಮೇಲೆ ಹೋಗುವುದಿಲ್ಲ, ಬೀದಿಯಲ್ಲೇ ಮಲಗುತ್ತದೆ. ಆ ಹೊಗೆಯಲ್ಲಿ ಜನ ಕಾಲಿಲ್ಲದವರಂತೆ ತೇಲಿ ಹೋಗುತ್ತಾರೆ. ನೋಡಲು ಎಷ್ಟು ಚಂದ. ಇಷ್ಟು ವರ್ಷ ಈ ಹೊಗೆಗೆ ಬಟ್ಟೆ ಕಪ್ಪಾಗುತ್ತದೆ ಅಂತ ಬೈಯುತ್ತಿದ್ದವಳು ನಾನೇ.

ಕನಸು ಬಿತ್ತು. ಟ್ರಾಮು ಹಳಿ ಬಿಟ್ಟು ಲೇಕಿನ ನೀರಿನ ಮೇಲೆ ಹೋಗುತ್ತಿದೆ, ಯಾರಿಗೂ ಗಾಬರಿಯಿಲ್ಲ. ನನ್ನ ಮುಂದಿನ ಸೀಟಿನಲ್ಲಿ ಒಂದು ಮಗು ಕಿಟಕಿಯ ಕಡೆ ತಿರುಗಿ ಕೂತಿದೆ. ನನ್ನ ಮಗಳು ವಸಂತಾ ಅಲ್ಲ. ವಸಂತಾಳ ಕತ್ತು ನನಗೆ ಗೊತ್ತಿಲ್ಲವೇ? ಕರೆಯೋಣ ಅಂದರೆ ಹೆಸರು ಬರಲಿಲ್ಲ.

ಎಚ್ಚರವಾದಾಗ ವಸಂತಾ ಸ್ಕೂಲಿನಿಂದ ಬಂದು ಎದುರು ನಿಂತಿದ್ದಳು. ‘ಅಮ್ಮ, ನೀನು ನಗ್ತಾ ಇದ್ದಿ ಸ್ಲೀಪಲ್ಲಿ’ ಅಂದಳು. ಎಂಟು ವರ್ಷದ ಹುಡುಗಿ, ಕನ್ನಡ, ಇಂಗ್ಲಿಷ್, ಬಂಗಾಳಿ ಎಲ್ಲ ಒಂದೇ ತಪ್ಪಲೆಯಲ್ಲಿ ಬೇಯಿಸುತ್ತಾಳೆ.

4 ಡಿಸೆಂಬರ್

ಜಲಜಾಕ್ಷಿ ಅಕ್ಕ ಬಂದಿದ್ದರು. ಇವರ ಬ್ಯಾಂಕಿನ ಇನ್ನೊಂದು ಬ್ರಾಂಚಿನ ಮ್ಯಾನೇಜರರ ಹೆಂಡತಿ, ನಮ್ಮ ಬ್ರಹ್ಮಾವರದ ಕಡೆಯವರೇ. ಲೇಕ್ ಮಾರ್ಕೆಟಿನಿಂದ ಕುಚ್ಚಲಕ್ಕಿ, ಬೆಲ್ಲ ತಂದುಕೊಟ್ಟು, ಹಾಸಿಗೆಯ ಬದಿಯಲ್ಲಿ ಕೂತು, ತಮ್ಮ ಪಿತ್ತಕೋಶದ ಕಥೆ ಶುರುಮಾಡಿದರು. ಕಳೆದ ವರ್ಷ ಗುಹ ಡಾಕ್ಟರೇ ಹೇಳಿ ತೆಗೆಸಿದ್ದು.

‘ನಿಮಗೆ ಅಷ್ಟು ನೋವಿತ್ತಾ ಅಕ್ಕ?’

‘ನೋವೆಂತದು ಮಾರಾಯ್ತಿ, ತೇಗು ಬರ್ತಿತ್ತು. ಆದ್ರೆ ಇದ್ದದ್ದನ್ನು ಇಟ್ಟುಕೊಂಡು ಯಾಕೆ ಕೂರುವುದು? ಬ್ಯಾಂಕು ಕೊಡ್ತದಲ್ಲ. ನಾಳೆ ನಮ್ಮವರು ರಿಟೈರ್ ಆದ ಮೇಲೆ ಯಾರು ಕೊಡ್ತಾರೆ? ಈಗಲೇ ಮಾಡಿಸಿಕೊಂಡರೆ ಆಯ್ತು.’

‘ಈಗ ತೇಗು ಬರುವುದಿಲ್ಲವಾ?’

‘ಬರ್ತದೆ’ ಅಂದರು, ಸ್ವಲ್ಪ ಸಿಟ್ಟಿನಿಂದ. ‘ಅದು ಬೇರೆ ತೇಗು.’

ನನಗೆ ನಗು ಬಂತು, ಕೆಮ್ಮಿದೆ. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೆ ಜಂಬವೂ ಆಯಿತು. ಭಜನೆಯ ದಿನ ಎಲ್ಲ ಹೆಂಗಸರೂ ತಮ್ಮ ತಮ್ಮ ಎಕ್ಸ್‌ರೇ ವಿಷಯ ಹೇಳುವಾಗ ನಾನೊಬ್ಬಳೇ ಗಟ್ಟಿಮುಟ್ಟಾಗಿ ಪಾನಕ ಹಂಚುತ್ತಿದ್ದೆ. ಈಗ ನನ್ನನ್ನೂ ನೋಡಲು ಬರುತ್ತಾರೆ.

5 ಡಿಸೆಂಬರ್

ನಿದ್ದೆ. ಡಾಕ್ಟರು ಬಂದಿದ್ದರಂತೆ. ‘ಸ್ವಲ್ಪ ಉಂಟು’ ಅಂತ ನಿದ್ದೆಯಲ್ಲೇ ಹೇಳಿದೆನಂತೆ.

18 ಡಿಸೆಂಬರ್

ನೆಲಮಹಡಿಯ ತುಳಸೀದಿಗೂ, ಅಂದರೆ ತುಳಸಿ ಅಕ್ಕನಿಗೂ, ನನ್ನದೇ ಕಾಯಿಲೆ! ಅವರು ಮಕ್ಕಳಿಗೆ ಹಾಡು ಹೇಳಿಕೊಟ್ಟು ಜೀವನ ಮಾಡುವವರು. ಗಂಡನಿಲ್ಲ. ಅವರಿಗೂ ಕಿಬ್ಬೊಟ್ಟೆಯ ಎಡಗಡೆ, ನನ್ನ ಹಾಗೇ, ಮುದುಡಿ ಮಲಗುವಂಥ ನೋವು. ಅದೇ ಗುಹ ಡಾಕ್ಟರ ಹತ್ತಿರ ಹೋಗಿದ್ದರು. ‘ಖರ್ಚು ಯಾರು ನೋಡಿಕೊಳ್ಳುತ್ತಾರೆ?’ ಅಂತ ಡಾಕ್ಟರು ಕೇಳಿದರಂತೆ. ‘ದೇವರು’ ಅಂತ ತುಳಸೀದಿ ಹೇಳಿದರಂತೆ. ಡಾಕ್ಟರು ಫೀಸನ್ನೂ ತೆಗೆದುಕೊಳ್ಳದೆ, ಪಪ್ಪಾಯಿಕಾಯಿ ಸಾರು ಉಣ್ಣಿ, ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಎರಡು ವಾರ ಕಾದು ನೋಡೋಣ ಅಂತ ಕಳಿಸಿಬಿಟ್ಟರಂತೆ.

‘ಬಡವರಿಗೆ ಪಪ್ಪಾಯಿ’ ಅಂದರು ತುಳಸೀದಿ. ನನ್ನ ಮೇಜಿನ ಮೇಲಿನ ಬಾಟಲಿಗಳ ಸಾಲನ್ನು ಆಸೆಯಿಂದ ನೋಡಿದರು. ಅಯ್ಯೋ ಪಾಪ ಅನಿಸಿತು. ನನ್ನ ಟಾನಿಕ್ಕಿನಲ್ಲಿ ಒಂದು ಬಾಟಲಿ ಕೊಟ್ಟೆ. ಅವರು ಹೋದ ಮೇಲೆ ಅಳು ಬಂತು. ಲೋಕದಲ್ಲಿ ಎಷ್ಟು ಅನ್ಯಾಯ, ನನಗೆ ಎಲ್ಲವೂ ಸಿಗುತ್ತಿದೆ ಅಂತ.

2 ಜನವರಿ 1974

ಎರಡು ವಾರ ಬರೆಯಲಿಲ್ಲ. ಎಕ್ಸ್‌ರೇಗೆ ಅಂತ ಓಡಾಡಿದ್ದು. ಸುಣ್ಣದ ನೀರಿನಂಥದ್ದನ್ನು ಕುಡಿಸಿ, ಕತ್ತಲೆ ಕೋಣೆಯಲ್ಲಿ ತಣ್ಣಗಿನ ಹಲಗೆಗೆ ಒರಗಿಸಿ ಪಟ ತೆಗೆದರು. ನನ್ನ ಕರುಳಿನ ಪಟ ನೋಡಿದೆ. ಮಂಜಿನಲ್ಲಿ ಹೂಗ್ಲಿ ನದಿ ಹರಿದ ಹಾಗಿತ್ತು. ಅದರಲ್ಲಿ ಏನೂ ಇಲ್ಲವಂತೆ. ರಕ್ತದಲ್ಲೂ ಏನೂ ಇಲ್ಲವಂತೆ. ಇವರಿಗೆ ಸಂತೋಷವಾಯಿತು. ಡಾಕ್ಟರು ಮಾತ್ರ ಚಿಂತೆಯಲ್ಲಿ ಬಿದ್ದರು.

‘ಎಲ್ಲೂ ಇಲ್ಲ ಅಂದರೆ ಗರ್ಭಕೋಶದಲ್ಲೇ ಇರಬೇಕು’ ಅಂದರು. ‘ಸಣ್ಣ ಗಡ್ಡೆ ಇರಬಹುದು. ನೋವು ಹೋಗುತ್ತಿಲ್ಲವಲ್ಲ. ಪಾರ್ಕ್ ಸ್ಟ್ರೀಟಿನ ಹತ್ತಿರ ನನ್ನ ಸ್ನೇಹಿತರದ್ದೊಂದು ನರ್ಸಿಂಗ್ ಹೋಮ್ ಇದೆ. ತೆಗೆಸಿಬಿಟ್ಟರೆ ಶಾಶ್ವತ ನೆಮ್ಮದಿ. ಹೇಗೂ ಒಂದು ಮಗು ಇದೆಯಲ್ಲ.’

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು. ‘ನೀವು ಹೇಳಿದ ಹಾಗೆ ಡಾಕ್ಟರೇ’ ಅಂದರು. ನಾನೂ ತಲೆಯಾಡಿಸಿದೆ. ಡಾಕ್ಟರಿಗೆ ಕಾಫಿ ಕೊಟ್ಟೆವು. ನಮ್ಮ ಕಾಫಿ ಕಲ್ಕತ್ತದಲ್ಲೇ ಮೊದಲನೆಯದು ಅಂತ ಹೊಗಳಿ ಹೋದರು.

ಇಲ್ಲಿ ಬರೆದಿಡುತ್ತೇನೆ, ಯಾರೂ ಓದುವುದಿಲ್ಲ. ನನಗೆ ಇನ್ನೊಂದು ಮಗು ಬೇಕು. ವಸಂತಾ ಹುಟ್ಟಿದ ಮೇಲೆ ಒಂದು ನಿಲ್ಲದೆ ಹೋಯಿತು. ಆಮೇಲೆ ಆ ಮಾತನ್ನು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವರಿಗೆ ಒಂದೇ ಸಾಕು ಅಂತ ಇರಬೇಕು.

14 ಜನವರಿ

ಸಂಕ್ರಾಂತಿ. ತುಳಸೀದಿ ಪೀಠೆ ಮಾಡಿ ಒಂದು ಡಬ್ಬಿ ತಂದರು, ಖರ್ಜೂರದ ಬೆಲ್ಲ, ಕಾಯಿತುರಿ ತುಂಬಿದ್ದು. ನಮ್ಮ ಕಡುಬಿನ ದೂರದ ನೆಂಟ. ಮೂರು ಮಹಡಿ ಹತ್ತಿ ಬಂದವರು ಏದುಸಿರು ಕೂಡ ಬಿಡುತ್ತಿರಲಿಲ್ಲ. ನೋವು ಯಾವಾಗಲೋ ಹೋಯಿತಂತೆ. ಟಾನಿಕ್ಕಿನಿಂದಲಾ ಅಂತ ಕೇಳಿದೆ. ಅದರ ಮುಚ್ಚಳವನ್ನೇ ತೆಗೆದಿಲ್ಲವಂತೆ, ದೊಡ್ಡ ಕಾಯಿಲೆ ಬಂದಾಗ ಬೇಕಾದೀತು ಅಂತ ದೇವರ ಹತ್ತಿರ ಇಟ್ಟಿದ್ದಾರಂತೆ.

‘ನಿನಗೆ ಆಪರೇಷನ್ ಅಂತೆ. ಪುಣ್ಯ ಮಾಡಿದವಳು’ ಅಂದರು. ತಮಾಷೆಗಲ್ಲ, ಮನಸ್ಸಿನಿಂದಲೇ.

ಪೀಠೆ ಎಷ್ಟು ತಿಂದೆನೋ ಗೊತ್ತಿಲ್ಲ. ತಿನ್ನುತ್ತಾ ತಿನ್ನುತ್ತಾ ಒಂದು ಯೋಚನೆ ಬಂತು, ಪೂರ್ತಿ ಆಗುವ ಮೊದಲೇ ಹೋಯಿತು. ಇಬ್ಬರಿಗೂ ಒಂದೇ ನೋವು, ಒಬ್ಬರೇ ಡಾಕ್ಟರು... ಆಮೇಲೆ ಏನೋ ಇತ್ತು. ನೆನಪಾದರೆ ಬರೆಯುತ್ತೇನೆ. ಈ ನಡುವೆ ಮಧ್ಯಾಹ್ನದ ಮಾತ್ರೆ ನುಂಗಲು ಮರೆತು ಹೋಗುತ್ತಿದೆ. ಇವರಿಗೆ ಹೇಳಿಲ್ಲ, ಬೈದಾರು.

21 ಜನವರಿ

ಇವತ್ತು ಡಾಕ್ಟರ ಹತ್ತಿರ ನಾನೇ ಮಾತು ತೆಗೆದೆ. ನನ್ನ ಬಂಗಾಳಿ ಮುರುಕು ಬಂಗಾಳಿ, ಅವರ ಹಿಂದಿ ಅದಕ್ಕಿಂತ ಮುರುಕು. ಹೇಗೋ ನಡೆಯುತ್ತದೆ.

‘ತುಳಸೀದಿಗೂ ಹೀಗೇ ನೋವಿತ್ತಲ್ಲ, ಅವರಿಗೆ ಆಪರೇಷನ್ ಬೇಡವಾ?’

‘ಅವರಿಗೆ ಹೇಗೆ ಹೇಳಲಿ ಬೌಮಾ? ಹಾರ್ಮೋನಿಯಂ ಮಾರಬೇಕಾಗುತ್ತದೆ. ಅಂಥವರಿಗೆ ತೀರಾ ಬೇಕಾದದ್ದನ್ನು ಮಾತ್ರ ಹೇಳಬೇಕು.’

‘ಹಾಗಾದರೆ ನನಗೆ?’

‘ನಿಮಗೇನು ಕಷ್ಟ? ಬ್ಯಾಂಕು ಇದೆ. ನಿಮಗೆ ಎಲ್ಲವನ್ನೂ ಮಾಡಬಹುದು.’ ಅಷ್ಟು ಪ್ರೀತಿಯಿಂದ ಹೇಳಿದರು, ನನಗೆ ಮುಂದೆ ಕೇಳಲು ನಾಚಿಕೆಯಾಯಿತು. ಆದರೂ ಟಾನಿಕ್ಕಿನ ಬೆಲೆ ಎಷ್ಟು ಅಂತ ಕೇಳಿದೆ. ಗೊತ್ತಿಲ್ಲವಂತೆ! ಒಂದೇ ಒಂದು ಔಷಧಿಯ ಬೆಲೆಯೂ ಅವರಿಗೆ ಗೊತ್ತಿಲ್ಲವಂತೆ. ‘ಬೆಲೆ ತಿಳಿದುಕೊಳ್ಳುವುದು ಅಂಗಡಿಯವರ ಕೆಲಸ. ನಾನು ಯಾರು ಕೊಡುತ್ತಾರೆ ಅಂತ ಮಾತ್ರ ಕೇಳುತ್ತೇನೆ’ ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಎದ್ದು ನಿಂತು ಎಂದಿನಂತೆ ಕೇಳಿದರು, ನೋವು ಹೇಗಿದೆ ಅಂತ.

ಬಾಯಿ ತೆರೆದೆ. ಇಲ್ಲ ಅನ್ನೋಣ ಅಂತಲೇ ತೆರೆದೆ. ಪಕ್ಕದಲ್ಲಿ ಇವರು ಕೈಕಟ್ಟಿ ನಿಂತಿದ್ದರು. ನರ್ಸಿಂಗ್ ಹೋಮಿನಲ್ಲಿ ದಿನ ಗೊತ್ತಾಗಿದೆ, ಬ್ಯಾಂಕಿನ ಒಪ್ಪಿಗೆ ಬಂದಿದೆ, ಇವರು ರಜೆ ಹಾಕಿದ್ದಾರೆ, ಜಲಜಾಕ್ಷಿ ಅಕ್ಕ ವಸಂತಾಳನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಇಷ್ಟು ಜನರ ಶ್ರಮವನ್ನು ಒಂದು ‘ಇಲ್ಲ’ದಿಂದ ಚೆಲ್ಲಿಬಿಡುವುದೇ?

‘ಸ್ವಲ್ಪ’ ಅಂದೆ. ‘ಉಂಟು’ ಅನ್ನಲಿಲ್ಲ. ಅವರಿಗೆ ಅಷ್ಟೇ ಸಾಕಾಯಿತು.

29 ಜನವರಿ

ನಿನ್ನೆ ಸರಸ್ವತಿ ಪೂಜೆ. ವಸಂತಾ ಹಳದಿ ಸೀರೆ ಉಟ್ಟು, ನೆರಿಗೆ ಹಿಡಿದುಕೊಂಡು, ಗಲ್ಲಿಯ ಪೆಂಡಾಲಿಗೆ ಹೊರಟಳು. ಬಾಲ್ಕನಿಯಿಂದ ನೋಡಿದರೆ ತಲೆ ಮಾತ್ರ ಕಾಣುತ್ತಿತ್ತು. ಇಳಿದು ಹೋದೆ. ಮೂರು ಮಹಡಿ ಇಳಿದೆ, ಪೂಜೆ ನೋಡಿದೆ, ಖಿಚುಡಿ ತಿಂದೆ, ಮೂರು ಮಹಡಿ ಹತ್ತಿದೆ. ‘ಅಮ್ಮ, ಯು ಆರ್ ಸಿಕ್, ನಾ?’ ಅಂತ ವಸಂತಾ ಗಾಬರಿಯಿಂದ ನೋಡುತ್ತಿದ್ದಳು. ಏನೂ ಆಗಲಿಲ್ಲ. ಔಷಧಿಯ ಶಕ್ತಿ ಇರಬೇಕು.

ಯಾವ ಔಷಧಿ? ವಾರದಿಂದ ಒಂದನ್ನೂ ಮುಟ್ಟಿಲ್ಲ.

ಆ ಟ್ರಾಮಿನ ಕನಸೂ ಈಗ ಬೀಳುವುದಿಲ್ಲ. ಬೇಕು ಅಂತ ಕಣ್ಣು ಮುಚ್ಚಿಕೊಂಡು ಕಾದರೂ ಬರುವುದಿಲ್ಲ. ಆ ಮಗು ಯಾವ ಸ್ಟಾಪಿನಲ್ಲಿ ಇಳಿಯಿತೋ.

6 ಫೆಬ್ರವರಿ, ಬುಧವಾರ

ನರ್ಸಿಂಗ್ ಹೋಮು. ಮಧ್ಯಾಹ್ನವೇ ಬಂದು ಸೇರಿದೆವು. ಬಿಳೀ ಪರದೆ, ಬಿಳೀ ಚಾದರ, ಕಿಟಕಿಯ ಹೊರಗೆ ಒಂದು ಕದಂಬದ ಮರ. ಪರದೆಯ ಆಚೆ ನಿನ್ನೆ ಹೆತ್ತವಳೊಬ್ಬಳು ಇದ್ದಾಳೆ. ಕೂಸು ಬೆಕ್ಕಿನ ಮರಿಯ ಹಾಗೆ ಅಳುತ್ತದೆ, ಸುಮ್ಮನಾಗುತ್ತದೆ, ನಾನು ಉಸಿರು ಬಿಗಿಹಿಡಿದು ಮತ್ತೆ ಅಳುವುದನ್ನೇ ಕಾಯುತ್ತೇನೆ.

ಒಪ್ಪಿಗೆಯ ಕಾಗದಕ್ಕೆ ಇವರು ಸಹಿ ಹಾಕಿದರು, ನನಗೂ ಹಾಕು ಅಂದರು, ಹಾಕಿದೆ. ನರ್ಸು ಬಂದು, ನಾಳೆ ಬೆಳಿಗ್ಗೆ ಏನೂ ತಿನ್ನಬಾರದು, ಕುಡಿಯಬಾರದು, ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮಂಪರು ಕೊಡಲು ಆಗುವುದಿಲ್ಲ, ಆಪರೇಷನ್ ನಿಲ್ಲುತ್ತದೆ ಅಂತ ಎರಡೆರಡು ಸಲ ಹೇಳಿ ಹೋದಳು. ನಾನು ವಿಧೇಯ ಹುಡುಗಿಯ ಹಾಗೆ ತಲೆಯಾಡಿಸಿದೆ.

ಹೆದರಿಕೆಯಾಗುತ್ತಿದೆ. ಸಾಯುತ್ತೇನೆ ಅಂತ ಅಲ್ಲ.

7 ಫೆಬ್ರವರಿ, ಗುರುವಾರ. ಮನೆಯಲ್ಲಿ

ಮನೆಯಲ್ಲಿದ್ದೇನೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಇವರು ಕೆಳಗೆ ನರ್ಸಿಂಗ್ ಹೋಮಿನ ಆಫೀಸಿನಲ್ಲಿದ್ದರು. ಪರದೆ ಸರಿಸಿಕೊಂಡು ಒಬ್ಬ ಅಜ್ಜಿ ಬಂದರು, ಪಕ್ಕದವಳ ಅತ್ತೆ. ಕೈಯಲ್ಲಿ ಸಂದೇಶ ಅನ್ನುವ ಇಲ್ಲಿನ ಹಾಲಿನ ಸಿಹಿಯ ಪೆಟ್ಟಿಗೆ. ‘ನಮ್ಮ ಮನೆಗೆ ಲಕ್ಷ್ಮಿ ಬಂದಿದ್ದಾಳೆ. ಬಾಯಿ ಸಿಹಿ ಮಾಡಿಕೊ ಮಾ. ಕೂಸು ಹುಟ್ಟಿದ ಸಿಹಿಯನ್ನು ಬೇಡ ಅನ್ನಬಾರದು’ ಅಂತ ಒಂದನ್ನು ನನ್ನ ಅಂಗೈ ಮೇಲಿಟ್ಟರು. ಹೇಗೆ ಬೇಡ ಅನ್ನಲಿ? ಬಾಯಿಗೆ ಹಾಕಿಕೊಂಡೆ. ನುಂಗಿದ ಮೇಲೆ ನರ್ಸು ಹೇಳಿದ್ದು ನೆನಪಾಯಿತು. ಒಂದು ಸಣ್ಣ ಸಂದೇಶ, ಯಾರಿಗೂ ಹೇಳದಿದ್ದರೆ ನಡೆದೀತು ಅಂತಲೂ ಅನಿಸಿತು.

ಅಜ್ಜಿ ಹೊರಟಿದ್ದರು. ‘ಮಾಶೀಮಾ’ ಅಂತ ಕರೆದೆ. ‘ಇನ್ನೊಂದು ಕೊಡಿ.’

ಅವರಿಗೆ ಎಷ್ಟು ಖುಷಿಯಾಯಿತು! ಎರಡನೆಯದನ್ನು ತಿಂದೆ. ಮೂರನೆಯದನ್ನೂ ಕೇಳಿದೆ. ನಾಲ್ಕನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು, ಮೇಲೆ ನೀರು ಕುಡಿದು ಇಳಿಸಿದೆ. ಆಮೇಲೆ ಗಂಟೆ ಒತ್ತಿ ನರ್ಸನ್ನು ಕರೆದು, ನಾನು ತಿಂದಿದ್ದೇನೆ, ಹೊಟ್ಟೆ ತುಂಬ ತಿಂದಿದ್ದೇನೆ ಅಂತ ಹೇಳಿದೆ. ಅವಳು ಬೈದಳು. ಸರ್ಜನ್ ಬಂದು ಬಾಗಿಲಲ್ಲೇ ನಿಂತು ಬೈದರು. ಬೈಗುಳ ಕೇಳಿಸಿಕೊಳ್ಳುತ್ತಾ ಕದಂಬದ ಮರ ನೋಡುತ್ತಿದ್ದೆ. ಎಲ್ಲ ದೂರದಿಂದ, ನೀರಿನ ಆಚೆ ದಡದಿಂದ ಕೇಳುತ್ತಿತ್ತು.

ಗುಹ ಡಾಕ್ಟರು ಬಂದು ಹತ್ತಿರ ಕೂತರು. ಅವರು ಮಾತ್ರ ಬೈಯಲಿಲ್ಲ. ‘ಇರಲಿ ಬೌಮಾ, ಮುಂದಿನ ಗುರುವಾರ ಇಡೋಣ. ನೋವು ಇದೆಯಲ್ಲ?’

‘ಇಲ್ಲ’ ಅಂದೆ.

‘ಸ್ವಲ್ಪ?’

‘ಸ್ವಲ್ಪವೂ ಇಲ್ಲ. ಚಳಿ ಶುರುವಾಗುವ ಮೊದಲೇ ಹೋಗಿತ್ತು.’

ಅವರು ಕನ್ನಡಕ ತೆಗೆದರು. ‘ಮತ್ತೆ ಪ್ರತಿ ಸಲ ಇದೆ ಅನ್ನುತ್ತಿದ್ದಿರಲ್ಲ?’

‘ನೀವು ಅಷ್ಟು ಮೆಟ್ಟಿಲು ಹತ್ತಿ ಬರುತ್ತಿದ್ದಿರಿ. ಇಲ್ಲ ಅಂದರೆ ನಿಮಗೆ ಬೇಸರವಾಗುವುದಿಲ್ಲವೇ?’

ಕನ್ನಡಕವನ್ನು ಧೋತಿಯ ಚುಂಗಿನಿಂದ ಒರೆಸಿದರು. ‘ನೀವು ಇದೆ ಅಂದಾಗೆಲ್ಲ ಸುಮ್ಮನೆ ಎದ್ದು ಹೋದರೆ ಚೆನ್ನಾಗಿರುವುದಿಲ್ಲ ಅಂತ ನಾನು ಏನಾದರೊಂದು ಬರೆದೆ’ ಅಂದರು. ‘ಬ್ಯಾಂಕಿನವರ ಮನೆ, ಬರಿ ಪಪ್ಪಾಯಿ ಹೇಳಿದರೆ ಬೇರೆ ಡಾಕ್ಟರನ್ನು ನೋಡಿಕೊಳ್ಳುತ್ತೀರಿ.’ ಆ ಮಾತು ನಿಜ. ನೋಡಿಕೊಳ್ಳುತ್ತಿದ್ದೆವು. ಅವರ ಮುಖ ಒಮ್ಮೆಲೇ ಮುದುಕರ ಮುಖವಾಯಿತು. ನನಗೆ ಅವರ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು, ಯಾವುದು ಹೆಚ್ಚು ಅಂತ ಈಗಲೂ ಹೇಳಲಾರೆ.

ಟ್ಯಾಕ್ಸಿಯಲ್ಲಿ ಇವರು ಹೊರಗೆ ನೋಡುತ್ತಾ ಕೂತಿದ್ದರು. ‘ಎಂತ ಕೆಲಸ ಮಾಡಿದೆ ಕುಸುಮಾ? ಇನ್ನು ಆ ಡಾಕ್ಟರ ಮುಖ ನೋಡುವುದು ಹೇಗೆ?’ ಅಂದರು.

‘ಅವರದ್ದು ಬಿಡಿ. ನನ್ನ ಮುಖ ನೋಡಿ.’

ತಿರುಗಿ ನೋಡಿದರು. ಕನ್ನಡ ಗೊತ್ತಿಲ್ಲದ ಊರಲ್ಲಿ ಇದೊಂದು ಅನುಕೂಲ, ಮನೆಯ ಮಾತನ್ನು ಟ್ಯಾಕ್ಸಿಯಲ್ಲೇ ದೊಡ್ಡದಾಗಿ ಆಡಬಹುದು. ‘ನನಗೆ ಇನ್ನೊಂದು ಮಗು ಬೇಕು’ ಅಂದೆ. ‘ನಿಮಗೆ ಬೇಡದಿದ್ದರೂ ನನಗೆ ಬೇಕು. ಅದಕ್ಕೇ ತಿಂದೆ.’

ಇವರು ಕಿಟಕಿಯ ಗಾಜು ಏರಿಸಿದರು.

‘ನನಗೆ ಬೇಡ ಅಂತ ಯಾರು ಹೇಳಿದ್ದು?’ ಅಂದರು. ‘ನಿನಗೆ ಅಷ್ಟು ನೋವುಂಟು ಅಂತ ನಾನು ಸುಮ್ಮನಿದ್ದೆ.’

ಡ್ರೈವರು ತಿರುಗಿ ಎಡಕ್ಕೋ ಬಲಕ್ಕೋ ಅಂತ ಕೇಳಿದ. ನಾನೇ ದಾರಿ ಹೇಳಿದೆ.